ಮೂರು ಬೀಗಕ್ಕೆ ಎರಡೇ ಕೀಲಿಕೈ

ಯಾವುದೇ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಗೆ ಹೋದರೆ ವಿದ್ಯುತ್ ಪ್ಯಾನೆಲ್‌ಗಳ ಕೋಣೆಯೊಂದು ಇರುತ್ತದೆ. ಆಳೆತ್ತರದ ಕಬ್ಬಿಣದ ಬೀರುಗಳನ್ನು ಸಾಲಾಗಿ ನಿಲ್ಲಿಸಿದಂತೆ ಕಾಣುತ್ತದೆ. ಮುಖ್ಯ ಪ್ಯಾನೆಲ್‌ನಲ್ಲಿ ಮೂರು ದೊಡ್ಡ ಬ್ರೇಕರ್‌ಗಳು. ಎಡಗಡೆಯದು ಒಂದನೇ ಟ್ರಾನ್ಸ್‌ಫಾರ್ಮರ್‌ನಿಂದ ಬರುವ ವಿದ್ಯುತ್ತಿಗೆ, ಬಲಗಡೆಯದು ಎರಡನೇ ಟ್ರಾನ್ಸ್‌ಫಾರ್ಮರ್‌ನಿಂದ ಬರುವುದಕ್ಕೆ, ನಡುವಿನದು ಎಡ ಬಲಗಳನ್ನು ಒಂದಕ್ಕೊಂದು ಕೂಡಿಸುವುದಕ್ಕೆ. ಈ ನಡುವಿನದಕ್ಕೆ ಬಸ್ ಕಪ್ಲರ್ ಎಂದು ಹೆಸರು. ಮೂರಕ್ಕೂ ಒಂದೊಂದು ಬೀಗವಿದೆ. ಕೀಲಿಕೈ ಮಾತ್ರ ಎರಡೇ. ಹೊಸದಾಗಿ ಕೆಲಸಕ್ಕೆ ಸೇರಿದ ಎಲೆಕ್ಟ್ರಿಷಿಯನ್ ಮೊದಲ ದಿನವೇ ಕೇಳುತ್ತಾನೆ: ‘ಸರ್, ಮೂರನೇ ಕೀ ಎಲ್ಲಿ?’

ಮೂರನೇ ಕೀ ಕಳೆದುಹೋಗಿಲ್ಲ. ಪ್ಯಾನೆಲ್ ತಯಾರಾದ ದಿನದಿಂದಲೂ ಇದ್ದದ್ದು ಎರಡೇ. ಕೀ ಹಾಕಿ ತಿರುಗಿಸಿದರಷ್ಟೇ ಬ್ರೇಕರ್ ಆನ್ ಆಗುತ್ತದೆ. ಆನ್ ಆದ ಮೇಲೆ ಕೀ ಒಳಗೇ ಸಿಕ್ಕಿಕೊಳ್ಳುತ್ತದೆ, ಎಷ್ಟು ಎಳೆದರೂ ಬರುವುದಿಲ್ಲ. ಅದನ್ನು ಬಿಡಿಸಿಕೊಳ್ಳಬೇಕೆಂದರೆ ಮೊದಲು ಆ ಬ್ರೇಕರನ್ನು ಆಫ್ ಮಾಡಲೇಬೇಕು. ಹಾಗಾಗಿ ಯಾವ ಹೊತ್ತಿನಲ್ಲೂ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಆನ್ ಆಗಲಾರವು. ಎರಡೂ ಟ್ರಾನ್ಸ್‌ಫಾರ್ಮರ್‌ಗಳು ಕೆಲಸ ಮಾಡುತ್ತಿದ್ದರೆ ಕಪ್ಲರ್ ಆಫ್ ಇರುತ್ತದೆ. ಒಂದು ಕೆಟ್ಟರೆ ಅದರ ಬ್ರೇಕರ್‌ನ ಕೀ ತೆಗೆದು ಕಪ್ಲರ್‌ಗೆ ಹಾಕಿ, ಉಳಿದ ಟ್ರಾನ್ಸ್‌ಫಾರ್ಮರ್‌ನಿಂದಲೇ ಎರಡೂ ಕಡೆಗೆ ವಿದ್ಯುತ್ ಕೊಡಬಹುದು. ಎರಡು ಮೂಲಗಳನ್ನು ತಪ್ಪಿ ಕೂಡ ಬೆಸೆಯಲು ಸಾಧ್ಯವಾಗದಂತೆ ಒಂದು ಕೀಲಿಕೈಯ ಗೈರುಹಾಜರಿಯೇ ಕಾವಲು ಕಾಯುತ್ತಿದೆ. ಇದಕ್ಕೆ ಇಂಟರ್‌ಲಾಕ್ ಎನ್ನುತ್ತಾರೆ. ಇದರ ಜೋಡಿಯಾಗಿ ಕೆಲಸ ಮಾಡುವ ಇನ್ನೊಂದು ವ್ಯವಸ್ಥೆ ಇಂಟರ್‌ಟ್ರಿಪ್. ನಮ್ಮ ಮನೆಗೆ ಬರುವ ಪ್ರತಿ ಯೂನಿಟ್ ವಿದ್ಯುತ್ತಿನ ಹಿಂದೆ ಈ ಎರಡೂ ಇವೆ. ಇವೆರಡನ್ನೂ ಅರಿತರೆ ಮಳೆಗಾಲದಲ್ಲಿ ಕಂಬ ಹತ್ತುವ ಲೈನ್‌ಮನ್‌ನ ಜೀವ ಯಾವುದರ ಮೇಲೆ ನಿಂತಿದೆ ಎಂಬುದೂ ಅರ್ಥವಾಗುತ್ತದೆ.

ಮೊದಲು ಬ್ರೇಕರ್ ಎಂದರೇನೆಂದು ನೋಡೋಣ. ಮನೆಯ ಸ್ವಿಚ್ಚಿಗೂ ಬ್ರೇಕರ್‌ಗೂ ಇರುವ ವ್ಯತ್ಯಾಸ ದೊಡ್ಡದು. ಮಾಮೂಲಿ ಹೊತ್ತಿನಲ್ಲಿ ಹರಿಯುವ ಕರೆಂಟನ್ನು ಸ್ವಿಚ್ ತಡೆದೀತು. ಶಾರ್ಟ್ ಸರ್ಕ್ಯೂಟ್ ಆದಾಗ ಅದರ ಹತ್ತಿಪ್ಪತ್ತು ಪಟ್ಟು ಕರೆಂಟ್ ನುಗ್ಗುತ್ತದೆ. ಅದನ್ನು ಕತ್ತರಿಸುವ ಶಕ್ತಿ ಇರುವುದು ಬ್ರೇಕರ್‌ಗೆ ಮಾತ್ರ. ಎರಡು ಲೋಹದ ತುದಿಗಳು ಬೇರ್ಪಡುವಾಗ ನಡುವೆ ಬೆಂಕಿಯ ಕಮಾನು ಏಳುತ್ತದೆ. ಆ ಕಮಾನನ್ನು ನಂದಿಸಲು 11 ಸಾವಿರ ವೋಲ್ಟಿನ ಬ್ರೇಕರ್‌ಗಳಲ್ಲಿ ಈಗ ಹೆಚ್ಚಾಗಿ ನಿರ್ವಾತದ ಬಾಟಲಿ ಬಳಸುತ್ತಾರೆ, ಅದಕ್ಕೂ ಮೇಲಿನ ವೋಲ್ಟೇಜುಗಳಲ್ಲಿ ಎಸ್‌ಎಫ್6 ಎಂಬ ಅನಿಲ.

ಬ್ರೇಕರ್‌ಗೆ ತೋಳ್ಬಲವಿದೆ, ಬುದ್ಧಿಯಿಲ್ಲ. ಯಾವಾಗ ಬೀಳಬೇಕೆಂದು, ಅಂದರೆ ತಾನಾಗಿ ಆಫ್ ಆಗಬೇಕೆಂದು, ಅದಕ್ಕೆ ಹೇಳುವುದು ರಿಲೇ. ಲೈನಿನ ಕರೆಂಟನ್ನೂ ವೋಲ್ಟೇಜನ್ನೂ ಸದಾ ಅಳೆಯುತ್ತಿರುವ ರಿಲೇ, ಏನೋ ಕೆಟ್ಟಿತೆಂದು ಕಂಡಕೂಡಲೇ ಬ್ರೇಕರ್‌ನ ಟ್ರಿಪ್ ಕಾಯಿಲ್‌ಗೆ ವಿದ್ಯುತ್ ಕಳಿಸುತ್ತದೆ. ಆ ವಿದ್ಯುತ್ ಲೈನಿನದಲ್ಲ. ಲೈನೇ ಕೆಟ್ಟಿರುವಾಗ ಅದನ್ನು ನಂಬುವುದು ಹೇಗೆ? ಅದಕ್ಕಾಗಿ ಪ್ರತಿ ಸಬ್‌ಸ್ಟೇಷನ್ನಿನಲ್ಲೂ ಬ್ಯಾಟರಿ ಕೋಣೆ ಇರುತ್ತದೆ. ಸಾಮಾನ್ಯವಾಗಿ ತಲಾ 2 ವೋಲ್ಟಿನ 55 ಸೆಲ್‌ಗಳು ಸೇರಿ 110 ವೋಲ್ಟಿನ ಡಿಸಿ. ಊರೆಲ್ಲ ಕತ್ತಲಾದರೂ ಬ್ರೇಕರ್ ಬೀಳಿಸುವಷ್ಟು ಶಕ್ತಿಯನ್ನು ಅದು ಕಾಪಾಡಿಕೊಂಡಿರುತ್ತದೆ. ಬ್ರೇಕರ್‌ನ ಮುಖ್ಯ ತುದಿಗಳ ಜೊತೆಜೊತೆಗೇ ಚಲಿಸುವ ಪುಟ್ಟ ಕಾಂಟ್ಯಾಕ್ಟುಗಳೂ ಇರುತ್ತವೆ. ಬ್ರೇಕರ್ ಆನ್ ಇದ್ದಾಗ ಕೂಡಿಕೊಳ್ಳುವುದೊಂದು, ಆಫ್ ಇದ್ದಾಗ ಕೂಡಿಕೊಳ್ಳುವುದು ಇನ್ನೊಂದು. ಒಂದು ಬ್ರೇಕರ್ ತನ್ನ ಸ್ಥಿತಿಯನ್ನು ಇನ್ನೊಂದಕ್ಕೆ ತಿಳಿಸುವುದು ಇವುಗಳ ಮೂಲಕವೇ. ಇಂಟರ್‌ಲಾಕ್, ಇಂಟರ್‌ಟ್ರಿಪ್ ಎರಡಕ್ಕೂ ಇವೇ ನರನಾಡಿ.

ಈಗ ಆಸ್ಪತ್ರೆಯ ಪ್ಯಾನೆಲ್‌ಗೆ ಮರಳೋಣ. ಎರಡು ಟ್ರಾನ್ಸ್‌ಫಾರ್ಮರ್‌ಗಳನ್ನು ಕೂಡಿಸಿದರೆ ಬಲ ಹೆಚ್ಚಬೇಕಲ್ಲ, ಅಪಾಯವೇಕೆ? ಲೆಕ್ಕ ಹಾಕಿದರೆ ತಿಳಿಯುತ್ತದೆ. 1,000 ಕೆವಿಎ ಟ್ರಾನ್ಸ್‌ಫಾರ್ಮರ್ 433 ವೋಲ್ಟಿನ ಕಡೆ ಪೂರ್ಣ ಹೊರೆಯಲ್ಲಿ ಕೊಡುವುದು ಸುಮಾರು 1,333 ಆಂಪಿಯರ್. ಅದರ ಒಳಗಿನ ಒಟ್ಟು ತಡೆ (ಇಂಪೀಡೆನ್ಸ್) ಶೇ 5ರಷ್ಟಿದ್ದರೆ, ಪ್ಯಾನೆಲ್‌ನಲ್ಲಿ ಶಾರ್ಟ್ ಆದಾಗ ಅದರ ಇಪ್ಪತ್ತು ಪಟ್ಟು, ಅಂದರೆ ಸುಮಾರು 26 ಸಾವಿರದ 600 ಆಂಪಿಯರ್ ನುಗ್ಗಬಹುದು. ಪ್ಯಾನೆಲನ್ನೂ ಬ್ರೇಕರನ್ನೂ 50 ಸಾವಿರ ಆಂಪಿಯರ್ ತಾಳುವಂತೆ ಕಟ್ಟಿದ್ದರೆ ಅಲ್ಲಿಗೆ ಚಿಂತೆಯಿಲ್ಲ. ಎರಡು ಟ್ರಾನ್ಸ್‌ಫಾರ್ಮರ್‌ಗಳು ಒಟ್ಟಿಗೆ ಸೇರಿದ ಕ್ಷಣ ಅದೇ ಶಾರ್ಟಿಗೆ ನುಗ್ಗುವುದು 53 ಸಾವಿರಕ್ಕೂ ಹೆಚ್ಚು. ತಾಳುವ ಮಿತಿ ದಾಟಿತು. ಬೆಂಕಿಯನ್ನು ನಂದಿಸಬೇಕಾದ ಬ್ರೇಕರ್ ತಾನೇ ಸಿಡಿಯಬಹುದು. ಕೂಡಿಸುವ ಹೊತ್ತಿನಲ್ಲಿ ಏನೂ ಆಗುವುದಿಲ್ಲ, ದೀಪಗಳು ಎಂದಿನಂತೆ ಉರಿಯುತ್ತವೆ. ತಪ್ಪು ಅಲ್ಲೇ ಕುಳಿತು ಮುಂದಿನ ಶಾರ್ಟ್ ಸರ್ಕ್ಯೂಟಿಗಾಗಿ ಕಾಯುತ್ತದೆ.

ಎರಡು ಮೂಲಗಳಲ್ಲಿ ಒಂದು ಡೀಸೆಲ್ ಜನರೇಟರ್ ಆಗಿದ್ದರೆ ಅಪಾಯ ಮುಂದಿನ ಶಾರ್ಟಿಗಾಗಿ ಕಾಯುವುದೂ ಇಲ್ಲ. ಗ್ರಿಡ್ಡಿನ ವಿದ್ಯುತ್ ಸೆಕೆಂಡಿಗೆ 50 ಬಾರಿ ಏರಿಳಿಯುತ್ತದೆ. ಜನರೇಟರಿನದೂ ಹಾಗೆಯೇ. ಆದರೆ ಒಂದು ಏರುತ್ತಿರುವಾಗ ಇನ್ನೊಂದು ಇಳಿಯುತ್ತಿರಬಹುದು. ಹೆಜ್ಜೆ ಕೂಡದ ಎರಡನ್ನು ತಟ್ಟನೆ ಬೆಸೆದರೆ ಜನರೇಟರಿನ ಶಾಫ್ಟ್ ತಿರುಚಿಕೊಳ್ಳುವಷ್ಟು ಹೊಡೆತ ಬೀಳುತ್ತದೆ. ಮನೆಯ ಚೇಂಜ್‌ಓವರ್ ಸ್ವಿಚ್ಚಿನಲ್ಲಿ ಒಂದೇ ಹಿಡಿಕೆ ಇರುವುದು ಇದಕ್ಕೇ. ಅದು ಮೇಲೆ ಹೋದರೆ ಕೆಳಗಿರದು, ಕೆಳಗೆ ಬಂದರೆ ಮೇಲಿರದು. ಅತ್ಯಂತ ಸರಳವಾದ, ಅತ್ಯಂತ ನಂಬಿಕಸ್ಥ ಇಂಟರ್‌ಲಾಕ್ ಅದು.

ಇಂಟರ್‌ಲಾಕ್‌ಗಳಲ್ಲಿ ಮೂರು ಬಗೆ. ಕಬ್ಬಿಣದ ಸನ್ನೆ, ಕೊಂಡಿಗಳಿಂದ ಒಂದನ್ನೊಂದು ತಡೆಯುವುದು ಮೊದಲನೆಯದು. ಅಕ್ಕಪಕ್ಕದಲ್ಲಿದ್ದರೆ ಇದು ಸಾಕು. ಕೀಲಿಕೈಯದು ಎರಡನೆಯದು. ಬ್ರೇಕರ್ ಒಂದು ಕೋಣೆಯಲ್ಲಿ, ಗೇಟು ಇನ್ನೊಂದು ಕಡೆ ಇದ್ದರೂ ಮನುಷ್ಯ ಕೀ ಹಿಡಿದು ನಡೆದುಹೋಗಬಹುದು. ಮೂರನೆಯದು ವೈರಿನದು. ಒಂದನ್ನು ಆನ್ ಮಾಡುವ ಕ್ಲೋಸಿಂಗ್ ಕಾಯಿಲ್‌ಗೆ ಹೋಗುವ ವೈರು ಇನ್ನೊಂದರ ಪುಟ್ಟ ಕಾಂಟ್ಯಾಕ್ಟಿನ ಮೂಲಕ ಹಾದುಹೋಗುತ್ತದೆ. ಇನ್ನೊಂದು ಆಫ್ ಇದ್ದರೆ ಮಾತ್ರ ದಾರಿ ಕೂಡಿಕೊಂಡಿರುತ್ತದೆ. ಇಲ್ಲದಿದ್ದರೆ ಬಟನ್ ಎಷ್ಟು ಒತ್ತಿದರೂ ಬ್ರೇಕರ್ ಕದಲದು.

ಈ ವಿಚಾರ ಹುಟ್ಟಿದ್ದು ವಿದ್ಯುತ್ತಿನ ಲೋಕದಲ್ಲಲ್ಲ, ರೈಲಿನ ಲೋಕದಲ್ಲಿ. ಹಳಿ ಒಂದು ಕಡೆ ತಿರುಗಿದ್ದು ಸಿಗ್ನಲ್ ಇನ್ನೊಂದು ಕಡೆಗೆ ದಾರಿ ತೋರಿದರೆ ರೈಲುಗಳು ಡಿಕ್ಕಿಯಾಗುತ್ತವೆ. ಹಳಿ ಮತ್ತು ಸಿಗ್ನಲ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಸಾಧನಕ್ಕೆ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಪೇಟೆಂಟ್ ಪಡೆದರು. ಮುಂದೆ ರೈಲ್ವೆಯಲ್ಲಿ ಸಿಕ್ಕಿಬೀಳುವ ಕೀಲಿಕೈಗಳು ಬಂದವು. ಅದೇ ತತ್ತ್ವವನ್ನು ಅದೇ ಇಂಗ್ಲೆಂಡಿನ ಜೇಮ್ಸ್ ಹ್ಯಾರಿ ಕ್ಯಾಸ್ಟೆಲ್ 1922ರಲ್ಲಿ ವಿದ್ಯುತ್ ಉಪಕರಣಗಳಿಗೆ ತಂದರು. ನಮ್ಮ ಎಲೆಕ್ಟ್ರಿಷಿಯನ್ನರು ಇಂದಿಗೂ ಇಂಥ ಬೀಗಕ್ಕೆ ‘ಕ್ಯಾಸಲ್ ಕೀ’ ಎನ್ನುವುದು ಅವರ ಹೆಸರಿನಿಂದಲೇ ಬಂದ ಮಾತು.

ಸಬ್‌ಸ್ಟೇಷನ್ನಿನ ಅಂಗಳದಲ್ಲಿ ಇಂಟರ್‌ಲಾಕ್ ಕಾಯುವುದು ಮುಖ್ಯವಾಗಿ ಕ್ರಮವನ್ನು. ಬ್ರೇಕರ್‌ನ ಎರಡೂ ಬದಿಗೆ ಐಸೋಲೇಟರ್‌ಗಳಿರುತ್ತವೆ. ಅವು ಕಣ್ಣಿಗೆ ಕಾಣುವಂತೆ ದಾರಿ ಕಡಿದು ತೋರಿಸುವ ಉದ್ದ ಲೋಹದ ತೋಳುಗಳು. ಅವುಗಳಿಗೆ ಕರೆಂಟ್ ಕತ್ತರಿಸುವ ಶಕ್ತಿಯಿಲ್ಲ. ಹೊರೆ ಹರಿಯುತ್ತಿರುವಾಗ ಐಸೋಲೇಟರ್ ಎಳೆದರೆ ಬೆಂಕಿಯ ಕಮಾನು ಗಾಳಿಯಲ್ಲೇ ಹಿಗ್ಗುತ್ತ ಹೋಗಿ ಎಳೆದವನನ್ನೇ ಸುಡಬಹುದು. ಹಾಗಾಗಿ ಮೊದಲು ಬ್ರೇಕರ್ ಆಫ್, ಆಮೇಲೆ ಐಸೋಲೇಟರ್, ಕೊನೆಗೆ ಲೈನನ್ನು ನೆಲಕ್ಕೆ ಜೋಡಿಸುವ ಅರ್ತ್ ಸ್ವಿಚ್. ಮತ್ತೆ ಚಾರ್ಜ್ ಮಾಡುವಾಗ, ಅಂದರೆ ವಿದ್ಯುತ್ ಹರಿಸುವಾಗ, ಕ್ರಮ ಪೂರ್ತಿ ಉಲ್ಟಾ. ಎರಡು ದಶಕ ಇದನ್ನೇ ಮಾಡಿದ ಆಪರೇಟರ್‌ಗೆ ಈ ಕ್ರಮ ಬಾಯಿಪಾಠ. ಆದರೂ ಬಿರುಗಾಳಿಯ ರಾತ್ರಿ, ಊರುಗಳಿಗೆ ಹೋಗುವ ನಾಲ್ಕು ಫೀಡರ್ ಲೈನ್ ಒಟ್ಟಿಗೆ ಬಿದ್ದು, ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿರುವಾಗ ಅನುಭವಿಯ ಕೈಯೂ ಪಕ್ಕದ ಹಿಡಿಕೆಯ ಮೇಲೆ ಬೀಳಬಹುದು. ಆಗ ಆ ಹಿಡಿಕೆ ತಿರುಗಬಾರದು. ಇಂಟರ್‌ಲಾಕ್ ಇರುವುದು ಆ ಒಂದು ರಾತ್ರಿಗಾಗಿ.

ಇಂಟರ್‌ಟ್ರಿಪ್ಪಿನ ಸ್ವಭಾವ ಬೇರೆ. ಇಂಟರ್‌ಲಾಕ್ ‘ನೀನು ಆನ್ ಆಗಬೇಡ’ ಎಂದು ತಡೆದರೆ, ಇಂಟರ್‌ಟ್ರಿಪ್ ‘ನಾನು ಬಿದ್ದೆ, ನೀನೂ ಬೀಳು’ ಎಂದು ಎಳೆದುಕೊಂಡು ಹೋಗುತ್ತದೆ. ಮೊದಲನೆಯದು ತಪ್ಪು ಹೆಜ್ಜೆಗೆ ಮುಂಚೆ ಕೆಲಸ ಮಾಡುತ್ತದೆ, ಎರಡನೆಯದು ಘಟನೆಯ ನಂತರ, ಯಾರ ಕೈಗೂ ಕಾಯದೆ.

ಇದರ ಅಗತ್ಯ ಏಕೆ ಬಂತೆಂದು ತಿಳಿಯಲು ನಮ್ಮದೇ ಚರಿತ್ರೆ ನೆರವಾಗುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ಹರಿದು ಕೋಲಾರದ ಚಿನ್ನದ ಗಣಿ ತಲುಪಿತು. ಅಂದು ವಿದ್ಯುತ್ ಹುಟ್ಟುವ ತುದಿ ಒಂದು, ಬಳಸುವ ತುದಿ ಇನ್ನೊಂದು. ಹುಟ್ಟುವ ತುದಿಯಲ್ಲಿ ಕಡಿದರೆ ಉಳಿದ ದಾರಿಯೆಲ್ಲ ನಿರ್ಜೀವ. ಒಂದೇ ಕೆರೆಗೆ ಒಂದೇ ತೂಬಿದ್ದು ನೀರಗಂಟಿ ಅದನ್ನು ಮುಚ್ಚಿದರೆ ಕಾಲುವೆ ಒಣಗುವ ಹಾಗೆ. ಅದೇ ಕಾಲುವೆಗೆ ಕೆಳಗಿನಿಂದ ಇನ್ನೊಂದು ಕೆರೆಯ ನೀರೂ ಸೇರುವಂತಾದರೆ ಮೇಲಿನ ತೂಬು ಮುಚ್ಚಿ ಪ್ರಯೋಜನವೇನು? ಇಂದಿನ ವಿದ್ಯುತ್ ಜಾಲದಲ್ಲಿ ನೀರು ಎಲ್ಲ ಕಡೆಯಿಂದಲೂ ಬರುತ್ತದೆ.

66 ಸಾವಿರ ವೋಲ್ಟನ್ನು 11 ಸಾವಿರಕ್ಕೆ ಇಳಿಸುವ ಸಬ್‌ಸ್ಟೇಷನ್‌ಗಳು ಹಳೇ ಮೈಸೂರು ಭಾಗದ ತಾಲ್ಲೂಕುಗಳಲ್ಲೆಲ್ಲ ಇವೆ. ಅಂಥ ಒಂದರಲ್ಲಿ 12.5 ಎಂವಿಎ ಸಾಮರ್ಥ್ಯದ ಎರಡು ಟ್ರಾನ್ಸ್‌ಫಾರ್ಮರ್‌ಗಳು, ಆಸ್ಪತ್ರೆಯಲ್ಲಿದ್ದಂತಲ್ಲದೆ, ಅದಕ್ಕೆಂದೇ ಕಟ್ಟಿದ ವ್ಯವಸ್ಥೆಯಲ್ಲಿ ಜೊತೆಯಾಗಿ ಕೆಲಸ ಮಾಡುತ್ತಿವೆ ಎಂದಿಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಮೇಲೆ 66 ಕೆವಿ ಬ್ರೇಕರ್, ಕೆಳಗೆ 11 ಕೆವಿ ಬ್ರೇಕರ್. ಕೆಳಗಡೆ ಎರಡೂ ಬಸ್‌ಬಾರ್ ಎಂಬ ಒಂದೇ ಲೋಹದ ಪಟ್ಟಿಗೆ ಸೇರುತ್ತವೆ. ಒಂದನೇ ಟ್ರಾನ್ಸ್‌ಫಾರ್ಮರ್‌ನ ಒಳಗೆ ಸುರುಳಿಯ ನಿರೋಧಕ ಸುಟ್ಟಿತು. ಎಣ್ಣೆ ಕುದಿದು ಅನಿಲದ ಗುಳ್ಳೆಗಳು ಎದ್ದವು. ಟ್ಯಾಂಕಿಗೂ ಕನ್ಸರ್ವೇಟರ್ ಎಂಬ ಮೇಲಿನ ಎಣ್ಣೆ ತೊಟ್ಟಿಗೂ ನಡುವಿನ ಪೈಪಿನಲ್ಲಿ ಬುಕೋಲ್ಜ್ ರಿಲೇ ಕುಳಿತಿರುತ್ತದೆ. ಜರ್ಮನಿಯ ಮ್ಯಾಕ್ಸ್ ಬುಕೋಲ್ಜ್ 1921ರಲ್ಲಿ ಕಂಡುಹಿಡಿದ ಈ ಸಾಧನ ಕರೆಂಟನ್ನು ಅಳೆಯುವುದೇ ಇಲ್ಲ, ಎಣ್ಣೆಯ ವರ್ತನೆಯನ್ನು ನೋಡುತ್ತದೆ. ಅನಿಲ ನಿಧಾನಕ್ಕೆ ತುಂಬಿದರೆ ಗಂಟೆ ಬಾರಿಸುತ್ತದೆ, ಎಣ್ಣೆ ರಭಸದಿಂದ ನುಗ್ಗಿದರೆ ಟ್ರಿಪ್ ಕೊಡುತ್ತದೆ.

ಆ ಟ್ರಿಪ್‌ನಿಂದ ಮೇಲಿನ 66 ಕೆವಿ ಬ್ರೇಕರ್ ಮಾತ್ರ ಬಿತ್ತು ಎನ್ನಿ. ಟ್ರಾನ್ಸ್‌ಫಾರ್ಮರ್ ಸತ್ತಿತೇ? ಇಲ್ಲ. ಆರೋಗ್ಯವಾಗಿರುವ ಎರಡನೇ ಟ್ರಾನ್ಸ್‌ಫಾರ್ಮರ್ 11 ಕೆವಿ ಬಸ್‌ಬಾರಿಗೆ ವಿದ್ಯುತ್ ಕೊಡುತ್ತಲೇ ಇದೆ. ಅದು ಒಂದನೆಯದರ 11 ಕೆವಿ ಬ್ರೇಕರ್ ಮೂಲಕ ಹಿಂದಕ್ಕೆ ಹರಿದು ಕೆಟ್ಟ ಸುರುಳಿಗೇ ಸೇರುತ್ತದೆ. ಬಾಗಿಲಲ್ಲಿ ತಡೆದ ಬೆಂಕಿಗೆ ಹಿತ್ತಲಿಂದ ಸೌದೆ ಒಟ್ಟಿದಂತೆ. ಇನ್ನೂ ಭಯಾನಕವಾದ ಸಂಗತಿ ಬೇರೆಯೇ ಇದೆ. ಟ್ರಾನ್ಸ್‌ಫಾರ್ಮರ್‌ಗೆ ದಿಕ್ಕಿನ ಹಂಗಿಲ್ಲ. ಮೇಲಿನಿಂದ ಕೊಟ್ಟರೆ ಇಳಿಸುತ್ತದೆ, ಕೆಳಗಿನಿಂದ ಕೊಟ್ಟರೆ ಏರಿಸುತ್ತದೆ. ದೋಷವೇನೂ ಇಲ್ಲದೆ ಬರೀ ದುರಸ್ತಿಗೆಂದು ಮೇಲಿನ ಬ್ರೇಕರನ್ನು ಆಫ್ ಮಾಡಿದ್ದರೂ ಕೆಳಗಿನದು ಆನ್ ಉಳಿದರೆ, ಟ್ರಾನ್ಸ್‌ಫಾರ್ಮರ್‌ನ ತಲೆಯ ಮೇಲೆ 66 ಸಾವಿರ ವೋಲ್ಟ್ ಇದ್ದೇ ಇರುತ್ತದೆ. ‘ಮೇಲಿನ ಬ್ರೇಕರ್ ಆಫ್ ಆಗಿದೆ’ ಎಂಬ ಮಾತು ನಂಬಿ ಏಣಿ ಹತ್ತಿದವನ ಗತಿ?

ಆದ್ದರಿಂದ ಮೇಲಿನದು ಯಾವ ಕಾರಣಕ್ಕೇ ಬಿದ್ದರೂ ಕೆಳಗಿನದನ್ನು ಎಳೆದುಕೊಂಡು ಬೀಳಬೇಕು. ಮೇಲಿನ ಬ್ರೇಕರ್‌ನ ಪುಟ್ಟ ಕಾಂಟ್ಯಾಕ್ಟ್ ಕೂಡಿಕೊಂಡಕೂಡಲೇ ಕೆಳಗಿನದರ ಟ್ರಿಪ್ ಕಾಯಿಲ್‌ಗೆ ಬ್ಯಾಟರಿಯ ಕರೆಂಟ್ ಹರಿಯುತ್ತದೆ. ಇದು ಎಂಜಿನಿಯರನ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಹೊರಡಿಸಿದ ಸುರಕ್ಷತಾ ನಿಯಮಗಳಲ್ಲಿ ಇದು ಸ್ಪಷ್ಟವಾಗಿತ್ತು. ಟ್ರಾನ್ಸ್‌ಫಾರ್ಮರ್‌ಗಳು ಜೊತೆಯಾಗಿ ನಡೆಯುತ್ತಿದ್ದರೆ ಒಂದರ ಮೇಲಿನ ಬ್ರೇಕರ್ ಬಿದ್ದಾಗ ಅದರ ಕೆಳಗಿನದೂ ಬೀಳಬೇಕು. ಬ್ರೇಕರ್ ಆಫ್ ಆಗದೆ ಐಸೋಲೇಟರ್ ಕದಲಬಾರದು. ಐಸೋಲೇಟರ್ ತೆರೆಯದೆ ಅರ್ತ್ ಸ್ವಿಚ್ ಕೂಡಬಾರದು. ಜೊತೆಯಾಗಿ ನಡೆಸಲು ಉದ್ದೇಶಿಸದ ಎರಡು ಮೂಲಗಳು ಅಕಸ್ಮಾತ್ತಾಗಿಯೂ ಬೆಸೆದುಕೊಳ್ಳಬಾರದು. ಆ ನಿಯಮಗಳ ಜಾಗಕ್ಕೆ 2023ರಲ್ಲಿ ಹೊಸ ನಿಯಮಗಳು ಬಂದಿವೆ, ತತ್ತ್ವ ಅದೇ ಉಳಿದಿದೆ.

ಎಳೆದುಕೊಂಡು ಬೀಳುವುದು ಎರಡೂ ದಿಕ್ಕಿನಲ್ಲೇ? ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಕೆಳಗಿನ 11 ಕೆವಿ ಬ್ರೇಕರ್ ತನ್ನ ಕಡೆಯ ದೋಷಕ್ಕಾಗಿ ಬಿದ್ದರೆ ಮೇಲಿನದು ಬೀಳಬೇಕಾಗಿಲ್ಲ. ಟ್ರಾನ್ಸ್‌ಫಾರ್ಮರ್ ಹೊರೆಯಿಲ್ಲದೆ ಚಾರ್ಜ್ ಆಗಿಯೇ ಕಾಯುತ್ತಿರುತ್ತದೆ, ದೋಷ ಸರಿಯಾದಕೂಡಲೇ ಕೆಳಗಿನದನ್ನು ಆನ್ ಮಾಡಿದರಾಯಿತು. ಪ್ರತಿ ಬಾರಿ ಹೊಸದಾಗಿ ಚಾರ್ಜ್ ಮಾಡುವಾಗ ಟ್ರಾನ್ಸ್‌ಫಾರ್ಮರ್ ಕ್ಷಣಕಾಲ ತನ್ನ ಪೂರ್ಣ ಹೊರೆಯ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಆ ಹೊಡೆತವೂ ತಪ್ಪುತ್ತದೆ. ಇನ್ನು ಆನ್ ಮಾಡುವ ಕ್ರಮಕ್ಕೆ ಇಂಟರ್‌ಲಾಕ್ ಕಾವಲು: ಮೇಲಿನದು ಆನ್ ಆಗದೆ ಕೆಳಗಿನದು ಆನ್ ಆಗದು. ಒಂದೇ ಟ್ರಾನ್ಸ್‌ಫಾರ್ಮರ್‌ನ ಮೇಲೆ ಇಂಟರ್‌ಲಾಕ್ ಏರುವ ದಾರಿಯನ್ನು ಕಾದರೆ ಇಂಟರ್‌ಟ್ರಿಪ್ ಇಳಿಯುವ ದಾರಿಯನ್ನು ಕಾಯುತ್ತದೆ. ಬುಕೋಲ್ಜ್ ರಿಲೇ ಹಿಡಿಯುವಂಥ ಗಂಭೀರ ದೋಷದಲ್ಲಿ ಮಾಸ್ಟರ್ ಟ್ರಿಪ್ ರಿಲೇ ಎರಡನ್ನೂ ಒಟ್ಟಿಗೆ ಬೀಳಿಸಿ ಬೀಗ ಜಡಿಯುತ್ತದೆ. ಮನುಷ್ಯನೊಬ್ಬ ಬಂದು, ಏನಾಯಿತೆಂದು ನೋಡಿ, ಕೈಯಾರೆ ರೀಸೆಟ್ ಮಾಡುವವರೆಗೆ ಮತ್ತೆ ಆನ್ ಆಗದು. ಯಂತ್ರ ಮನುಷ್ಯನಿಗೆ ಅಲ್ಲಿ ಹೇಳುವುದು ಒಂದೇ ಮಾತು: ನೋಡದೆ ಮುಂದೆ ಹೋಗಬೇಡ.

ಒಂದೇ ಅಂಗಳದಲ್ಲಾದರೆ ವೈರು ಎಳೆದರೆ ಸಾಕು. ಎರಡು ಬ್ರೇಕರ್‌ಗಳ ನಡುವೆ ನೂರು ಕಿಲೋಮೀಟರ್ ಇದ್ದರೆ? 220 ಕೆವಿ ಲೈನೊಂದರ ಎರಡೂ ತುದಿಯಲ್ಲಿ ಬ್ರೇಕರ್, ಎರಡೂ ತುದಿಯಿಂದ ವಿದ್ಯುತ್. ಪ್ರತಿ ತುದಿಯ ದೂರಮಾಪಕ ರಿಲೇ ದೋಷ ಎಷ್ಟು ದೂರದಲ್ಲಿದೆ ಎಂದು ಅಂದಾಜಿಸುತ್ತದೆ. ಅಳತೆಯಲ್ಲಿ ಚೂರು ಹೆಚ್ಚುಕಡಿಮೆ ಇದ್ದೇ ಇರುವುದರಿಂದ ಲೈನಿನ ಶೇ 80ರವರೆಗೆ ಮಾತ್ರ ಅದು ತಡಮಾಡದೆ ಬೀಳಿಸುತ್ತದೆ. ಕೊನೆಯ ಶೇ 20ರಲ್ಲಿ ದೋಷವಿದ್ದರೆ ಅದು ಈ ಲೈನಿನದೋ ಆಚೆಯದೋ ಎಂಬ ಅನುಮಾನಕ್ಕೆ ಸುಮಾರು ಮೂರನೇ ಒಂದು ಸೆಕೆಂಡ್ ಕಾಯುತ್ತದೆ. ಆದರೆ ಈ ತುದಿಗೆ ಕೊನೆಯ ಶೇ 20 ಆದದ್ದು ಆ ತುದಿಗೆ ಮೊದಲ ಶೇ 20. ಅಲ್ಲಿಯ ರಿಲೇಗೆ ಅನುಮಾನವೇ ಇಲ್ಲ. ಅದು ತಕ್ಷಣ ಬೀಳಿಸಿ ಈ ಕಡೆಗೆ ಸುದ್ದಿ ಕಳಿಸುತ್ತದೆ: ‘ದೋಷ ನಮ್ಮ ನಡುವೆಯೇ ಇದೆ, ನಾನು ಕಂಡೆ.’ ಈ ಕಡೆಯದೂ ದೋಷವನ್ನು ಮಸುಕಾಗಿ ಕಂಡೇ ಇದೆ. ಸುದ್ದಿಯೂ ಸೇರಿತು, ಇನ್ನು ಕಾಯಬೇಕಾಗಿಲ್ಲ. ಇದು ಒಪ್ಪಿಗೆ ಬೇಡುವ ಇಂಟರ್‌ಟ್ರಿಪ್. ಇಲ್ಲಿ ಇಬ್ಬರ ಸಾಕ್ಷಿ ಬೇಕು.

ಇನ್ನೊಂದು ಬಗೆಯಲ್ಲಿ ಒಪ್ಪಿಗೆಗೆ ಜಾಗವಿಲ್ಲ. ರಿಲೇ ಆಜ್ಞೆ ಕೊಟ್ಟರೂ ಬ್ರೇಕರ್ ಯಾಂತ್ರಿಕವಾಗಿ ಸಿಕ್ಕಿಕೊಂಡು ಬೀಳಲಿಲ್ಲ ಎನ್ನಿ. ಸರಿಯಿರುವ ಬ್ರೇಕರ್ 60 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಕೆಲಸ ಮುಗಿಸಬೇಕು. 200 ಮಿಲಿಸೆಕೆಂಡ್ ಕಳೆದರೂ ಕರೆಂಟ್ ಹರಿಯುತ್ತಿದ್ದರೆ ‘ಎಲ್‌ಬಿಬಿ’ (ಲೋಕಲ್ ಬ್ರೇಕರ್ ಬ್ಯಾಕಪ್) ಎಂಬ ಕಾವಲು ಎಚ್ಚರಗೊಂಡು ಅದೇ ಬಸ್‌ಬಾರಿಗೆ ಸೇರಿದ ಸುತ್ತಲಿನ ಬ್ರೇಕರ್‌ಗಳನ್ನೆಲ್ಲ ಬೀಳಿಸುತ್ತದೆ, ಲೈನಿನ ಆಚೆ ತುದಿಗೂ ನೇರ ಆಜ್ಞೆ ಹೊರಡುತ್ತದೆ. ಒಂದು ಅವಯವ ಕೈಕೊಟ್ಟಾಗ ನೆರೆಹೊರೆ ಕತ್ತಲಾದರೂ ಸರಿ, ಬೆಂಕಿ ಹರಡಬಾರದು.

ಇಂಥ ಸುದ್ದಿ ಹೋಗುವುದು ಹೇಗೆ? ಈಗ ಕಂಬಗಳ ತುದಿಯ ಭೂತಂತಿಯೊಳಗೇ ಇರುವ ಆಪ್ಟಿಕಲ್ ಫೈಬರಿನಲ್ಲಿ. ದಶಕಗಳ ಕಾಲ ಹೋಗುತ್ತಿದ್ದದ್ದು, ಹಲವು ಕಡೆ ಇಂದಿಗೂ ಹೋಗುತ್ತಿರುವುದು, ವಿದ್ಯುತ್ ಲೈನಿನ ಮೇಲೆಯೇ ಸವಾರಿ ಮಾಡುವ ಪಿಎಲ್‌ಸಿಸಿ (ಪವರ್ ಲೈನ್ ಕ್ಯಾರಿಯರ್ ಕಮ್ಯುನಿಕೇಷನ್) ಎಂಬ ಅಲೆಯಲ್ಲಿ. ಇದರಲ್ಲಿ ನನಗೆ ತುಂಬ ಮೆಚ್ಚುಗೆಯಾದ ಜಾಣತನವೊಂದಿದೆ. ದೋಷವಿಲ್ಲದ ದಿನಗಳಲ್ಲಿಯೂ ಒಂದು ತುದಿಯಿಂದ ಇನ್ನೊಂದಕ್ಕೆ ‘ಗಾರ್ಡ್’ ಎಂಬ ಸ್ವರ ಹಗಲಿರುಳೂ ಹರಿಯುತ್ತಿರುತ್ತದೆ, ಎಲ್ಲ ಕ್ಷೇಮ ಎನ್ನುವಂತೆ. ಟ್ರಿಪ್ ಆಜ್ಞೆ ಬಂದಾಗ ಆ ಸ್ವರ ನಿಂತು ಬೇರೆ ಸ್ವರ ಏಳುತ್ತದೆ. ಎರಡೂ ಇಲ್ಲದೆ ಮೌನ ಬಿದ್ದರೆ ದಾರಿಯೇ ಕೆಟ್ಟಿದೆ ಎಂದು ಅರ್ಥ. ಆಗ ಬ್ರೇಕರನ್ನು ಬೀಳಿಸುವುದಿಲ್ಲ, ಗಂಟೆ ಬಾರಿಸಿ ಮನುಷ್ಯರನ್ನು ಕರೆಯುತ್ತದೆ. ಮೌನವನ್ನು ಕ್ಷೇಮವೆಂದೂ ತಿಳಿಯಬಾರದು, ಆಜ್ಞೆಯೆಂದೂ ತಿಳಿಯಬಾರದು.

ಇಷ್ಟೆಲ್ಲ ಇದ್ದೂ ಇಂಟರ್‌ಟ್ರಿಪ್ ಕೈಕೊಡುವುದುಂಟು. ಅದರ ಕಾರಣಗಳು ತೀರಾ ಸಾಧಾರಣ. ಬ್ಯಾಟರಿಗೆ ನೀರು ಹಾಕಿಲ್ಲ. ಪುಟ್ಟ ಕಾಂಟ್ಯಾಕ್ಟಿಗೆ ಧೂಳು ಹಿಡಿದಿದೆ. ಕೇಬಲನ್ನು ಇಲಿ ಕಡಿದಿದೆ. ಟ್ರಿಪ್ ಕಾಯಿಲ್‌ಗೆ ಕರೆಂಟ್ ಕೊಟ್ಟು ಬೀಳಿಸುವ ಪದ್ಧತಿಯ ದೌರ್ಬಲ್ಯ ಇದು: ವೈರು ತುಂಡಾದರೆ ಯಾರಿಗೂ ಗೊತ್ತಾಗುವುದಿಲ್ಲ, ಅಗತ್ಯ ಬಿದ್ದ ದಿನವೇ ಗೊತ್ತಾಗುತ್ತದೆ. ಅದಕ್ಕಾಗಿ ಆ ವೈರಿನಲ್ಲಿ ಸದಾ ಸಣ್ಣ ಕರೆಂಟ್ ಹರಿಸಿ ಅದು ಕಡಿದಿಲ್ಲವೆಂದು ನೋಡಿಕೊಳ್ಳುವ ರಿಲೇ ಇದೆ. ಇನ್ನೊಂದು ದಾರಿಯೆಂದರೆ ಅಂಡರ್ ವೋಲ್ಟೇಜ್ ಕಾಯಿಲ್. ಅದು ಕರೆಂಟ್ ಇರುವವರೆಗೆ ಬ್ರೇಕರನ್ನು ಹಿಡಿದಿಟ್ಟುಕೊಂಡು, ಕರೆಂಟ್ ಹೋದರೆ ಬಿಟ್ಟುಬಿಡುತ್ತದೆ. ವೈರು ತುಂಡಾದರೂ ಬ್ರೇಕರ್ ಬಿದ್ದೇ ಬೀಳುತ್ತದೆ. ಆದರೆ ವೋಲ್ಟೇಜ್ ಕ್ಷಣಕಾಲ ಕುಸಿದರೂ ಅನಗತ್ಯವಾಗಿ ಬಿದ್ದುಬಿಡುವ ತೊಂದರೆ ಇದರದು. ಯಾವ ಜಾಗದಲ್ಲಿ ಯಾವುದೆಂದು ಆರಿಸುವುದು ಎಂಜಿನಿಯರನ ವಿವೇಕ. ಎರಡಕ್ಕೂ ತಪ್ಪದ್ದು ವರ್ಷಕ್ಕೊಮ್ಮೆಯಾದರೂ ಮೇಲಿನ ಬ್ರೇಕರನ್ನು ನಿಜವಾಗಿ ಬೀಳಿಸಿ, ಕೆಳಗಿನದೂ ಬಿತ್ತೇ ಎಂದು ಕಣ್ಣಾರೆ ನೋಡುವ ಪರೀಕ್ಷೆ. ಕಾಗದದ ಮೇಲೆ ಟಿಕ್ ಹಾಕಿದ ಪರೀಕ್ಷೆ ಯಾರನ್ನೂ ಉಳಿಸದು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬೇಲಿಯೊಳಗಿನ ಮಾತು. ನಾನು ಈ ಅಂಕಣ ಬರೆಯಲು ಕುಳಿತದ್ದು ಬೇಲಿಯ ಹೊರಗಿನದಕ್ಕಾಗಿ, ನಮ್ಮ ನಿಮ್ಮ ಮನೆಯದಕ್ಕಾಗಿ.

ಮಳೆಗೆ ಮರ ಬಿದ್ದು ಲೈನ್ ತುಂಡಾಗಿದೆ. ಲೈನ್‌ಮನ್ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳುತ್ತಾನೆ. ಅಲ್ಲಿ ಫೀಡರಿನ ಬ್ರೇಕರ್ ಆಫ್ ಆಗಿದೆ, ಐಸೋಲೇಟರ್ ತೆರೆದಿದೆ, ಎಚ್ಚರಿಕೆಯ ಫಲಕವೂ ತೂಗಿದೆ. ಸಬ್‌ಸ್ಟೇಷನ್ ಕಡೆಯಿಂದ ಅವನು ಸುರಕ್ಷಿತ. ಅದೇ ಬೀದಿಯ ಅಂಗಡಿಯೊಂದರಲ್ಲಿ ಪುಟ್ಟ ಜನರೇಟರನ್ನು ಚೇಂಜ್‌ಓವರ್ ಇಲ್ಲದೆ, ಎರಡೂ ಕಡೆ ಪ್ಲಗ್ ಇರುವ ವೈರಿನಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಓಡಿಸಿದ್ದಾರೆ. ಮೇನ್ ಸ್ವಿಚ್ ಆಫ್ ಮಾಡಲು ಮರೆತಿದ್ದಾರೆ. ಆ 230 ವೋಲ್ಟ್ ಮೀಟರ್ ದಾಟಿ ಬೀದಿಯ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರ್‌ಗೆ, ಹೋಗುತ್ತದೆ. 11 ಸಾವಿರವನ್ನು 433ಕ್ಕೆ ಇಳಿಸುವ ಅದೇ ಟಿಸಿ ಈಗ ಏರಿಸತೊಡಗುತ್ತದೆ. ಬೇರೆ ಮನೆಗಳ ಹೊರೆ ಅದಕ್ಕೆ ಸೇರಿಕೊಳ್ಳದ ಕಡೆ ಮೇಲಿನ ಎರಡು ತಂತಿಗಳ ನಡುವೆ ಹತ್ತು ಸಾವಿರ ವೋಲ್ಟ್ ಆಸುಪಾಸು ಹುಟ್ಟಬಹುದು. ಸತ್ತಿದೆ ಎಂದು ಮುಟ್ಟಿದ ತಂತಿಯಲ್ಲಿ ಅಂಗಡಿಯ ಜನರೇಟರು ಜೀವ ತುಂಬಿದೆ.

ಇದಕ್ಕಾಗಿಯೇ ಕೆಲಸ ಮಾಡುವ ಜಾಗದ ಎರಡೂ ಬದಿಗೆ ಅರ್ತಿಂಗ್ ರಾಡ್ ಹಾಕಬೇಕೆಂಬ ಶಿಸ್ತು ಇದೆ. ಸಬ್‌ಸ್ಟೇಷನ್ ಕಡೆಗೊಂದು, ಊರ ಕಡೆಗೊಂದು. ಊರ ಕಡೆಯಿಂದ ಏನು ಬರುತ್ತದೋ ಯಾರಿಗೆ ಗೊತ್ತು ಎಂಬ ಅರಿವು ಆ ಎರಡನೇ ರಾಡಿನಲ್ಲಿದೆ. ಆದರೆ ಅವನ ಜೀವವನ್ನು ಅವನೊಬ್ಬನೇ ಕಾಯಬೇಕೇ? ಕೆಲವು ನೂರು ರೂಪಾಯಿಯ ಚೇಂಜ್‌ಓವರ್ ಸ್ವಿಚ್, ಸಬ್‌ಸ್ಟೇಷನ್ನಿನ ಇಂಟರ್‌ಲಾಕ್ ಮಾಡುವ ಕೆಲಸವನ್ನೇ ನಮ್ಮ ಗೋಡೆಯ ಮೇಲೆ ಮಾಡುತ್ತದೆ.

ಈ ಮಾತು ಇಂದು ಹಿಂದೆಂದಿಗಿಂತ ಮುಖ್ಯ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿ 1 ಕೋಟಿ ಮನೆಗಳ ಚಾವಣಿಗೆ ಸೌರ ಫಲಕ. ರೈತರಿಗಾಗಿನ ಕುಸುಮ್ ಸೌರ ಯೋಜನೆಯಡಿ ಸಬ್‌ಸ್ಟೇಷನ್‌ಗಳ ಪಕ್ಕದಲ್ಲೇ ಸೌರ ಘಟಕಗಳು ಏಳುತ್ತಿವೆ. ಪ್ರತಿ ಮನೆಯೂ ಒಂದು ಪುಟ್ಟ ಕೆರೆಯಾಗುತ್ತಿದೆ. ಗ್ರಿಡ್ಡಿಗೆ ಸೇರಿದ ಸೌರ ಇನ್ವರ್ಟರ್‌ಗಳಿಗೆ ಅದಕ್ಕೆಂದೇ ಕಟ್ಟುನಿಟ್ಟಿನ ನಿಯಮವಿದೆ: ಗ್ರಿಡ್ ಹೋದ ಎರಡು ಸೆಕೆಂಡಿನೊಳಗೆ ತಾನೂ ನಿಲ್ಲಬೇಕು. ಕರೆಂಟ್ ಹೋದಾಗ ಬಿಸಿಲಿದ್ದರೂ ಸೋಲಾರ್ ಏಕೆ ನಿಲ್ಲುತ್ತದೆ ಎಂದು ಬೇಸರಪಡುವವರು ಇದ್ದಾರೆ. ಅದು ನಿಂತದ್ದು ಕಂಬದ ಮೇಲಿರುವವನಿಗಾಗಿ.

ಆದರೆ ಇನ್ವರ್ಟರ್‌ಗೆ ಯಾರೂ ಸುದ್ದಿ ಕಳಿಸುವುದಿಲ್ಲ. ವೋಲ್ಟೇಜು, ಫ್ರೀಕ್ವೆನ್ಸಿಗಳ ಅಲುಗಾಟ ನೋಡಿ ಗ್ರಿಡ್ ಹೋಗಿದೆಯೆಂದು ಅದು ಊಹಿಸಬೇಕು. ಊಹೆ ತಪ್ಪಿದರೆ ಏನಾಗುತ್ತದೆಂದು 2019ರ ಆಗಸ್ಟ್ 9ರಂದು ಬ್ರಿಟನ್ ಕಂಡಿತು. ಲಂಡನ್ನಿನ ಉತ್ತರಕ್ಕೆ ಲೈನೊಂದಕ್ಕೆ ಸಿಡಿಲು ಬಡಿಯಿತು. ರಕ್ಷಣಾ ವ್ಯವಸ್ಥೆ ಸರಿಯಾಗಿಯೇ ಕೆಲಸ ಮಾಡಿತು. ಆದರೆ ಆ ಅಲುಗಾಟವನ್ನು ಗ್ರಿಡ್ ಹೋದದ್ದೆಂದು ತಿಳಿದು ಹಲವಾರು ಸಣ್ಣ ಉತ್ಪಾದಕಗಳು ತಾವಾಗಿ ಕಳಚಿಕೊಂಡವು. ಅದೇ ಹೊತ್ತಿಗೆ ಸಮುದ್ರದ ಗಾಳಿ ವಿದ್ಯುತ್ ಘಟಕವೊಂದು, ಅನಿಲ ಸ್ಥಾವರವೊಂದು ಕೈಕೊಟ್ಟವು. ಸೆಕೆಂಡಿಗೆ 50 ಇರಬೇಕಾದ ಫ್ರೀಕ್ವೆನ್ಸಿ 48.8ಕ್ಕೆ ಕುಸಿದು ಸುಮಾರು 11 ಲಕ್ಷ ಗ್ರಾಹಕರು ಕತ್ತಲಲ್ಲಿ ಮುಳುಗಿದರು. ಊಹೆ ಅತಿ ಸೂಕ್ಷ್ಮವಾದರೂ ಕಷ್ಟ, ಮಂದವಾದರೂ ಕಷ್ಟ. ದೊಡ್ಡ ಸೌರ ಘಟಕಗಳಿಗಾದರೂ ಸಬ್‌ಸ್ಟೇಷನ್ನಿನಿಂದ ನೇರ ಇಂಟರ್‌ಟ್ರಿಪ್ ಸುದ್ದಿ ಹೋಗುವಂತಿರಬೇಕು ಎಂದು ಎಂಜಿನಿಯರುಗಳು ಹೇಳುವುದು ಇದಕ್ಕೇ.

ಕೊನೆಗೆ ಮತ್ತೆ ಮೂರನೇ ಕೀಲಿಕೈ. ಅದು ಹುಟ್ಟುವುದು ಒಂದು ನಡುರಾತ್ರಿಯಲ್ಲಿ. ಒಂದು ಟ್ರಾನ್ಸ್‌ಫಾರ್ಮರ್‌ನಿಂದ ಇನ್ನೊಂದಕ್ಕೆ ಹೊರೆ ಬದಲಿಸಬೇಕು. ಕೀ ತೆಗೆದು ಹಾಕುವ ಅರ್ಧ ನಿಮಿಷ ದೀಪ ಹೋಗುತ್ತದೆ, ಮೇಲಿನಿಂದ ಬೈಗುಳ ಬರುತ್ತದೆ. ‘ಒಂದು ಡೂಪ್ಲಿಕೇಟ್ ಮಾಡಿಸಿಟ್ಟರೆ ಆಯಿತಲ್ಲ’ ಎಂದು ಯಾರಿಗೋ ಹೊಳೆಯುತ್ತದೆ. ಅಥವಾ ಇಂಟರ್‌ಲಾಕಿನ ವೈರಿಗೆ ಒಂದು ತುಂಡು ವೈರು ಸುತ್ತಿ ಅಡ್ಡದಾರಿ ಮಾಡುತ್ತಾರೆ. ಮಾಡಿದವರು ಕೆಟ್ಟವರಲ್ಲ, ಕೆಲಸ ಸಾಗಲಿ ಎಂದು ಮಾಡಿದ್ದು. ಅಂದು ಏನೂ ಆಗುವುದಿಲ್ಲ, ಮರುದಿನವೂ ಆಗುವುದಿಲ್ಲ. ಮಾಡಿದವರು ವರ್ಗವಾಗಿ ಹೋಗುತ್ತಾರೆ, ಡೂಪ್ಲಿಕೇಟ್ ಕೀ ಮಾತ್ರ ಮೊಳೆಯಲ್ಲಿ ತೂಗುತ್ತ ಉಳಿಯುತ್ತದೆ. ಮುಂದೊಂದು ದಿನ ಅದನ್ನು ನಂಬಿಕೆಯಿಂದ ತೆಗೆದುಕೊಳ್ಳುವ ಹುಡುಗನಿಗೆ ಅದು ಏನೆಂದು ಹೇಳುವವರಿರುವುದಿಲ್ಲ.

ನಿಮ್ಮ ಅಪಾರ್ಟ್‌ಮೆಂಟಿನ, ಕಲ್ಯಾಣ ಮಂಟಪದ, ಕಾರ್ಖಾನೆಯ ಪ್ಯಾನೆಲ್ ಕೋಣೆಗೆ ಒಮ್ಮೆ ಹೋಗಿ ಎಲೆಕ್ಟ್ರಿಷಿಯನ್‌ನನ್ನು ಕೇಳಿ: ಬೀಗ ಎಷ್ಟು, ಕೀ ಎಷ್ಟು? ಮೇಲಿನ ಬ್ರೇಕರ್ ಬಿದ್ದರೆ ಕೆಳಗಿನದು ಬೀಳುತ್ತದೆಯೇ, ಕೊನೆಯ ಬಾರಿ ನೋಡಿದ್ದು ಯಾವಾಗ? ಮೊಳೆಯಲ್ಲಿ ಹೆಚ್ಚಿನ ಕೀ ತೂಗುತ್ತಿದ್ದರೆ ಅವತ್ತೇ ತೆಗೆಸಿ. ಮತ್ತೆ ಮನೆಯಲ್ಲಿ, ಮುಂದಿನ ಮಳೆಗೆ ಕರೆಂಟ್ ಹೋಗಿ ಜನರೇಟರಿನ ಹಗ್ಗ ಎಳೆಯಲು ಕೈ ಹಾಕಿದಾಗ, ಅದಕ್ಕೂ ಬೀದಿಯ ತಂತಿಗೂ ನಡುವೆ ಚೇಂಜ್‌ಓವರ್ ಸ್ವಿಚ್ ಇದೆಯೇ ಎಂದು ಟಾರ್ಚ್ ಹಾಕಿ ನೋಡಿ. ಇಲ್ಲದಿದ್ದರೆ ಅಂದು ಮೇಣದಬತ್ತಿ ಹಚ್ಚಿ ಕೂತಿರಿ. ಆ ಹೊತ್ತಿಗೆ ನಿಮ್ಮ ಬೀದಿಯ ಕಂಬದ ಮೇಲೆ ಒಬ್ಬರು ಇರುತ್ತಾರೆ.